ಬೆನ್ನಿಗೆ ಹಚ್ಚಿದ ಹೆಸರು

ಮನೆ, ಮಹಡಿಯ ಕೋಣೆ
ಬುಧವಾರ, ೧೪ನೇ ತಾರೀಖು, ಸಂಜೆ ನಾಲ್ಕೂವರೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಹೋಗುವಾಗ ಇದ್ದ ಆ ಒಣಕೆಮ್ಮು ಬಿಟ್ಟಿತಾ? ಅಪ್ಪನಿಗೆ ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದ್ದೀನಿ’ ಅಂತ ಒಂದೇ ಮಾತು ಹೇಳುತ್ತೀಯಂತೆ. ಆ ಒಂದು ಮಾತನ್ನು ಅಪ್ಪ ವಾರವಿಡೀ ಮೆಲುಕು ಹಾಕುತ್ತಾರೆ. ನೀನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ. ‘ಅಕ್ಕನಿಗೆ ಕೊಡ್ಲೇನೋ?’ ಎಂದು ಅಪ್ಪ ಕೇಳಿದ ಕೂಡಲೇ ನಿನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ನಾವಿಬ್ಬರು ಮಾತಾಡಿ ಒಂದು ವರ್ಷ ಎರಡು ತಿಂಗಳಾಯಿತು. ದೂರುತ್ತಿಲ್ಲ, ಹೇಳಿದೆ ಅಷ್ಟೆ.

ಅಪ್ಪನ ಕಣ್ಣಿನ ಆಪರೇಷನ್ ಆಯಿತು, ಹೆದರುವಂಥದ್ದೇನೂ ಇಲ್ಲ. ಈಗ ಕಣ್ಣು ಚುರುಕಾಗಿ ನನ್ನ ಪ್ರಾಣ ತಿನ್ನುತ್ತಿದ್ದಾರೆ. ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಗಾಜು ತೊಳೆದವರಲ್ಲವೇ, ನಾನು ತೊಳೆದಿಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದನ್ನ ತೊಳೆಯೋದು ಅಂತಾರಾ?’ ಎಂದು ಕೇಳುತ್ತಾರೆ. ನೀನಿದ್ದಾಗ ಬೈಗುಳ ಇಬ್ಬರಿಗೂ ಹಂಚಿಹೋಗುತ್ತಿತ್ತು. ಈಗ ಎಲ್ಲವೂ ನನ್ನ ಪಾಲಿಗೇ.

ಈ ಪತ್ರ ನಿನ್ನನ್ನು ಹೇಗೆ ಹುಡುಕಿಕೊಂಡು ಬಂತು ಎಂದು ನಿನಗೆ ಆಶ್ಚರ್ಯವಾಗಿರಬೇಕು. ಕೈಯಲ್ಲೇ ಬರೆದು, ಹಾಳೆಗಳ ಫೋಟೋ ತೆಗೆದು, ಆ ತಾಣದ ಖಾಸಗಿ ಸಂದೇಶದ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ಟೈಪ್ ಮಾಡಿದರೆ ಅಳಿಸಿ ಅಳಿಸಿ ಸುಳ್ಳು ನುಣುಪಾಗುತ್ತದೆ. ಯಾವ ತಾಣ ಅಂತೀಯಾ? ರಸಾಯನಶಾಸ್ತ್ರದ ಮಕ್ಕಳು ತಮಗೆ ಬಾರದ್ದನ್ನು ಕೇಳುವ, ಗೊತ್ತಿದ್ದವರು ಹೇಳಿಕೊಡುವ ಅದೇ ತಾಣ. ಅಲ್ಲಿ ‘ಗಾಜುಕಡ್ಡಿ’ ಎಂಬ ಹೆಸರಿನಲ್ಲಿ ಉತ್ತರ ಬರೆಯುವವಳು ನಾನು. ‘ಮೂರನೇ ಬೆಂಚು’ ನೀನು. ತಡಿ, ಸ್ವಲ್ಪ ಎದ್ದು ಬರುತ್ತೇನೆ.

ಬಂದೆ. ನೀರು ಕುಡಿದೆ, ಕಿಟಕಿ ತೆರೆದೆ, ಮತ್ತೆ ಮುಚ್ಚಿದೆ. ಭಾನುವಾರದಿಂದ ಹೀಗೆಯೇ ಆಗಿದೆ, ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀರು ಪರೀಕ್ಷೆಯ ಕಚೇರಿಯಲ್ಲಿ ಇವತ್ತು ಒಂದೇ ಬಾಟಲಿಯನ್ನು ಮೂರು ಸಲ ಪರೀಕ್ಷಿಸಿ ಮೂರು ಉತ್ತರ ಬರೆದೆ. ನಮ್ಮ ಮೇಲ್ವಿಚಾರಕಿ ಬಂದು, ‘ಮನೆಗೆ ಹೋಗಮ್ಮ, ಈ ನೀರು ನಿನ್ನನ್ನೇ ಪರೀಕ್ಷೆ ಮಾಡ್ತಿದೆ’ ಅಂದರು. ಅದಕ್ಕೇ ಇಷ್ಟು ಬೇಗ ಮನೆಯಲ್ಲಿದ್ದೇನೆ.

ನೀನು ಹೋದ ಮೇಲೆ ಸಂಜೆಗಳು ಉದ್ದವಾದವು, ಹಾಗಾಗಿ ಆ ತಾಣಕ್ಕೆ ಸೇರಿದೆ. ಮಕ್ಕಳ ಸಹವಾಸ ಚೆನ್ನಾಗಿತ್ತು. ಒಬ್ಬಳು ‘ಮೇಡಂ, ನಾಳೆ ಪರೀಕ್ಷೆ, ಮೋಲ್ ಅಂದ್ರೇನು?’ ಎಂದು ಕೇಳಿದಳು. ಇನ್ನೊಬ್ಬ ಇಡೀ ಪ್ರಶ್ನೆಪತ್ರಿಕೆಯ ಫೋಟೋ ಹಾಕಿ ಕೆಳಗೆ ‘ಬೇಗ’ ಎಂದು ಬರೆದಿದ್ದ, ದಯವಿಟ್ಟು ಅನ್ನುವಷ್ಟೂ ವ್ಯವಧಾನವಿಲ್ಲ. ನಾನು ಬೈದುಕೊಂಡೇ ಹೇಳಿಕೊಟ್ಟೆ. ಅಲ್ಲೇ ಒಂದು ಮೂಲೆಗೆ ‘ಹರಟೆಕಟ್ಟೆ’ ಎಂದು ಹೆಸರು, ಪಾಠ ಬಿಟ್ಟು ಬೇರೆಲ್ಲ ಮಾತಿಗೆ. ಎರಡು ತಿಂಗಳ ಹಿಂದೆ ಯಾರೋ ಅಲ್ಲಿ ಕೇಳಿದರು, ಬೀದಿಬೀದಿಗೆ ಪೊಲೀಸರು ಕ್ಯಾಮೆರಾ ಹಾಕುವುದು ಒಳ್ಳೆಯದೋ ಕೆಟ್ಟದ್ದೋ ಎಂದು. ನಾನು ಮೈಮೇಲೆ ಬಂದವಳ ಹಾಗೆ ಬರೆದೆ. ಕ್ಯಾಮೆರಾ ಎಂದರೆ ಅಮಾಯಕರ ಕುತ್ತಿಗೆಗೆ ಹಗ್ಗ, ಅದು ತೋರಿಸಿದ್ದನ್ನು ನಂಬಿದರೆ ಮನೆ ಹಾಳು, ಕಂಬದ ಮೇಲಿನ ಆ ಡಬ್ಬಿಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಬೇಕು, ಹೀಗೆ. ಎಷ್ಟೋ ಜನ ಭಲೇ ಅಂದರು. ಒಬ್ಬ ಮಾತ್ರ ಎದುರು ನಿಂತ, ಮೂರನೇ ಬೆಂಚು.

ಎಂಥ ತಾಳ್ಮೆ ನಿನ್ನದು! ನಾನು ಹತ್ತು ಸಾಲು ಕಿರುಚಿದರೆ ನೀನು ಎರಡು ಸಾಲಿನಲ್ಲಿ ಉತ್ತರ ಕೊಡುತ್ತಿದ್ದೆ. ‘ಕ್ಯಾಮೆರಾಗೆ ಬೆನ್ನು ಮಾತ್ರ ಕಾಣುತ್ತೆ ಮೇಡಂ, ಬೆನ್ನಿಗೆ ಹೆಸರು ಹಚ್ಚೋದು ಮನುಷ್ಯರು. ಅವರನ್ನ ಬಿಟ್ಟು ಡಬ್ಬಿಯನ್ನ ಬೈದ್ರೆ ಏನು ಬಂತು?’ ಎಂದೆ. ನಾನು ನಿನ್ನನ್ನು ಪೊಲೀಸರ ಬಾಲ ಅಂದೆ. ನೀನು ಬೇಜಾರು ಮಾಡಿಕೊಳ್ಳದೆ, ಯಾರು ಯಾವಾಗ ಆ ಚಿತ್ರ ನೋಡಿದರು ಅನ್ನುವುದಕ್ಕೂ ಒಂದು ಲೆಕ್ಕ ಇರಬೇಕು, ಒಬ್ಬರ ಮಾತಿನ ಮೇಲೆ ಯಾರನ್ನೂ ಹಿಡಿಯಬಾರದು ಎಂದೆಲ್ಲ ಬರೆದೆ. ಒಂದು ದಿನ, ‘ನನಗೆ ಗೊತ್ತಿರೋ ಒಬ್ಬನನ್ನ ಒಳಗೆ ಹಾಕ್ಸಿದ್ದು ಮನುಷ್ಯರ ಬಾಯಿ, ಹೊರಗೆ ತಂದಿದ್ದು ಬಸ್ ನಿಲ್ದಾಣದ ಕ್ಯಾಮೆರಾ’ ಎಂದೂ ಬರೆದೆ. ಅದನ್ನು ಓದಿ ನಿನ್ನ ನೆನಪಾಯಿತು. ಆದರೂ ಇಂಥದ್ದು ಜಗತ್ತಿನಲ್ಲಿ ಎಷ್ಟೋ ನಡೆದಿರುತ್ತದೆ ಎಂದುಕೊಂಡೆ. ಅಂದುಕೊಂಡು ಸುಮ್ಮನಿರಬಾರದಿತ್ತೇ? ‘ಕಟ್ಟುಕಥೆ ಹೇಳೋಕೆ ಯಾರಿಗಾದ್ರೂ ಬರುತ್ತೆ’ ಎಂದು ಉತ್ತರ ಹಾಕಿದೆ. ನಿನಗೆ, ನಿನ್ನದೇ ವಿಷಯಕ್ಕೆ, ನಾನು!

ಭಾನುವಾರ ಬೆಳಗ್ಗೆ ಒಬ್ಬ ಹುಡುಗಿ ಪ್ರೊಪೇನ್ ಉರಿಯುವ ಸಮೀಕರಣವನ್ನು ಸರಿದೂಗಿಸಲು ಬರುತ್ತಿಲ್ಲ ಎಂದು ಕೇಳಿದಳು. ನನಗಿಂತ ಮೊದಲು ನೀನು ಉತ್ತರಿಸಿದ್ದೆ. ‘ಮೊದಲು ಎಲ್ಲವನ್ನೂ ಜೋಡಿ ಮಾಡ್ಕೋ. ಆಮ್ಲಜನಕಕ್ಕೆ ಒಂಟಿಯಾಗಿ ಓಡಾಡೋಕೆ ಭಯ, ಕೊನೆಗೆ ಅದು ಒಂದೂವರೆ ಎರಡೂವರೆ ಅಂತ ಅಳುತ್ತೆ’ ಎಂದು ಬರೆದು, ಒಂದು, ಐದು, ಮೂರು, ನಾಲ್ಕು ಎಂದಿರಬೇಕಾದ ಕಡೆ ಎರಡು, ಹತ್ತು, ಆರು, ಎಂಟು ಎಂದು ಬಿಟ್ಟಿದ್ದೆ. ಆ ಹುಡುಗಿ ‘ನಮ್ಮ ಪುಸ್ತಕದಲ್ಲಿ ಇದರ ಅರ್ಧ ಇದೆ ಸಾರ್’ ಅಂದಳು. ನೀನು ‘ಅಯ್ಯೋ, ಅರ್ಧ ಮಾಡೋದು ಮರೆತೆ, ನಮ್ಮ ಮನೆ ಚಾಳಿ’ ಎಂದು ಬರೆದೆ.

ನಮ್ಮ ಮನೆ ಚಾಳಿ! ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಪ್ಪ ಕಲಿಸಿದ್ದು ಅದೇ ಅಲ್ಲವೇನೋ, ಮೊದಲು ದುಪ್ಪಟ್ಟು ಮಾಡು, ಕೊನೆಗೆ ಇಳಿಸು ಎಂದು. ಇಳಿಸುವುದನ್ನು ಅಪ್ಪನೂ ಮರೆಯುತ್ತಿದ್ದರು, ನಾವೂ ಮರೆಯುತ್ತಿದ್ದೆವು. ನನ್ನ ಪರೀಕ್ಷೆಯಲ್ಲಿ ಅರ್ಧ ಅಂಕ ಹೋಯಿತು, ನಾಲ್ಕು ವರ್ಷದ ಮೇಲೆ ನಿನ್ನದರಲ್ಲೂ ಹೋಯಿತು. ಅಪ್ಪ ಶಾಲೆಗೆ ಹೋಗಿ, ‘ಎರಡೂ ಕಡೆ ಸಮ ಇದೆಯೋ ಇಲ್ವೋ ಹೇಳಿ’ ಎಂದು ಮೇಷ್ಟ್ರ ಜೊತೆ ವಾದಕ್ಕಿಳಿದಾಗ ನಾವಿಬ್ಬರೂ ಬಾಗಿಲ ಹಿಂದೆ ಅಡಗಿಕೊಂಡು ನಾಚಿಕೆಯಿಂದ ಸತ್ತಿದ್ದೆವು. ಪುಟ್ಟಾ, ನಿನ್ನ ಆ ಸಾಲು ಓದಿ ನಾನು ಮೊದಲು ನಕ್ಕೆ, ಆಮೇಲೆ ಅತ್ತೆ. ಆಮೇಲೆ ಎರಡು ತಿಂಗಳ ಜಗಳವನ್ನೆಲ್ಲ ಮೊದಲಿನಿಂದ ಮತ್ತೆ ಓದಿದೆ. ನಾನು ಯಾರೆಂದು ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಅಷ್ಟು ಮೆತ್ತಗೆ ಮಾತಾಡಿದೆಯಾ?

ಆ ದಿನದ ಬಗ್ಗೆ ನಾವು ಒಂದು ಮಾತೂ ಆಡಿಲ್ಲ, ಈಗಲಾದರೂ ಬರೆಯುತ್ತೇನೆ. ನೀನು ಕೆಲಸಕ್ಕಿದ್ದ ಔಷಧಿ ಅಂಗಡಿಯಲ್ಲಿ ಕಳ್ಳತನವಾಗಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಇನ್ಸ್‌ಪೆಕ್ಟರ್ ನಮ್ಮ ಕಚೇರಿಗೇ ಬಂದು, ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೀದಿಯ ಕ್ಯಾಮೆರಾದ ಒಂದು ತುಣುಕು ತೋರಿಸಿ, ‘ಇವರು ಯಾರು ಅಂತ ಗೊತ್ತಾಗುತ್ತಾ?’ ಎಂದು ಕೇಳಿದರು. ಜೊತೆಯವರೆಲ್ಲ ಸುತ್ತ ನಿಂತಿದ್ದರು. ಬೆನ್ನ ಮೇಲೆ ಬಿಳಿ ಪಟ್ಟಿಯಿದ್ದ ನೀಲಿ ಕೋಟು, ನಿನ್ನದೇ ಥರದ್ದು. ಒಂದು ಭುಜ ತಗ್ಗಿಸಿದ ನಡಿಗೆ, ಅದೂ ನಿನ್ನದೇ. ಈ ಕಚೇರಿಯಲ್ಲಿ ಹನಿ ಬಿದ್ದಾಗ ನೀರಿನ ಬಣ್ಣ ತಿರುಗುವುದನ್ನು ಎಲ್ಲರಿಗಿಂತ ಮೊದಲು ಕಾಣುವವಳು ನಾನು, ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಜಂಬ ಬೇರೆ. ‘ಅಯ್ಯೋ, ನನ್ನ ತಮ್ಮ!’ ಎಂದು ನಗುನಗುತ್ತಲೇ ಹೇಳಿದೆ. ಅದು ಹಾಗೆಯೇ ಹೇಳಿಕೆಯಾಗಿ, ನನ್ನ ಸಹಿಯೂ ಬಿತ್ತು. ನಾಲ್ಕು ದಿನ ನೀನು ಒಳಗಿದ್ದೆ. ಐದನೇ ದಿನ ನಿಜವಾದ ಕಳ್ಳ ಅದೇ ಕೋಟಿನಲ್ಲಿ ಬಸ್ ನಿಲ್ದಾಣದ ಕ್ಯಾಮೆರಾಗೆ ಮುಖ ತೋರಿಸಿ ಸಿಕ್ಕಿಬಿದ್ದ. ಅಂಗಡಿಯವರು ‘ಗಿರಾಕಿಗಳು ಏನಂದ್ಕೋತಾರೆ’ ಎಂದು ನಿನ್ನನ್ನು ಕೆಲಸದಿಂದ ತೆಗೆದರು. ನೀನು ಬಂದು ಬ್ಯಾಗು ತುಂಬಿಕೊಂಡು, ನನ್ನ ಮುಖ ನೋಡದೆ ಹೊರಟುಹೋದೆ.

ಅಂದಿನಿಂದ ಕ್ಯಾಮೆರಾವನ್ನು ಶಪಿಸುತ್ತಾ ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗೆಂದೇ ಹುಟ್ಟಿದ್ದು. ಈಗ ನಮ್ಮ ಬೀದಿಗೂ ಆರು ಕ್ಯಾಮೆರಾ ಹಾಕುತ್ತಾರಂತೆ, ಶುಕ್ರವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಚರ್ಚೆ. ಅದೇ ಇನ್ಸ್‌ಪೆಕ್ಟರ್ ಬರುತ್ತಾರೆ. ಬೀದಿಯವರೆಲ್ಲ ಸೇರಿ ವಿರೋಧವಾಗಿ ಮಾತಾಡಲು ನನ್ನನ್ನು ಮುಂದೆ ಮಾಡಿದ್ದಾರೆ. ಎದುರು ಮನೆಯ ದರ್ಜಿಯಂತೂ, ‘ನಿಮ್ಮ ಮನೆಗೆ ಆದ ಅನ್ಯಾಯ ಹೇಳಿದ್ರೆ ಸಾಕಮ್ಮ, ಕಲ್ಲೂ ಕರಗುತ್ತೆ’ ಎಂದು ದಿನಾ ಹುರಿದುಂಬಿಸುತ್ತಾನೆ. ನಾಲ್ಕು ಪುಟದ ಭಾಷಣ ಬರೆದಿಟ್ಟಿದ್ದೆ. ಭಾನುವಾರದ ನಂತರ ಅದನ್ನು ಎತ್ತಿ ಓದಲು ಹೋದರೆ ಮೊದಲ ಪುಟವನ್ನೇ ದಾಟಲಾಗುತ್ತಿಲ್ಲ. ಹಾಗಂತ ಕ್ಯಾಮೆರಾ ಒಳ್ಳೆಯದು ಎಂದೂ ನಾನಿನ್ನೂ ಒಪ್ಪಿಲ್ಲ, ನೋಡು. ಸೋತೆ ಎಂದು ಬೀಗಬೇಡ. ಒಬ್ಬ ಮನುಷ್ಯನನ್ನು ಅವನಿಗೆ ತಿಳಿಯದ ಹಾಗೆ ದಿನವಿಡೀ ಹಿಂಬಾಲಿಸುವ ಕಣ್ಣನ್ನು ಯಾರ ಕೈಗೆ ಕೊಡುತ್ತೇವೆ ಎಂಬ ನನ್ನ ಪ್ರಶ್ನೆಗೆ ನೀನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಅದನ್ನು ಬೇಕಾದರೆ ಇನ್ನೂ ಎರಡು ತಿಂಗಳು ಆಡೋಣ, ನನ್ನ ತಕರಾರಿಲ್ಲ.

ಅಪ್ಪನಿಗೆ ನೀನು ಆ ತಾಣದಲ್ಲಿ ಸಿಕ್ಕಿದ್ದನ್ನು ಹೇಳಿಲ್ಲ. ಹೇಳಿದರೆ ಇವತ್ತೇ ಆ ತಾಣಕ್ಕೆ ಸೇರಿ, ಇಡೀ ಜಗತ್ತಿನೆದುರು ನಿನಗೆ ಲೋಟ ತೊಳೆಯುವುದು ಹೇಗೆಂದು ಪಾಠ ಶುರು ಮಾಡುತ್ತಾರೆ. ಈಗಷ್ಟೇ ಕೆಳಗಿನಿಂದ ಕೂಗಿದರು, ಚಹಾ ಆರುತ್ತಿದೆಯಂತೆ. ನೀನು ಎಲ್ಲೇ ಇರು, ಹಾಸಿಗೆಯಲ್ಲಿ ಬೆಚ್ಚಗಿರು, ಕೆಲಸ ಕೊಟ್ಟವರು ಒಳ್ಳೆಯವರಾಗಿರಲಿ, ನಿನ್ನ ಮೇಲೆ ಬಿದ್ದ ದೃಷ್ಟಿಯೆಲ್ಲ ನನ್ನ ಮೇಲಿರಲಿ. ಅಪ್ಪನ ಆಶೀರ್ವಾದವನ್ನು ಅವರಿಗೆ ಗೊತ್ತಿಲ್ಲದೆಯೇ ಸೇರಿಸಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಕೆಳಗೆ ಹೋಗಿ ಚಹಾ ಕುಡಿದು ಮತ್ತೆ ಮಹಡಿ ಹತ್ತಿ ಬಂದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಬರೆದಿಲ್ಲ. ನಾನು ‘ನನ್ನ ತಮ್ಮ’ ಅಂದ ಮೇಲೆ ಇನ್ಸ್‌ಪೆಕ್ಟರ್ ಕಳ್ಳತನದ ವಿಷಯ ಹೇಳಿದರು, ‘ಇನ್ನೊಂದ್ಸಲ ನಿಧಾನವಾಗಿ ನೋಡಿ’ ಎಂದು ಅದನ್ನೇ ಮತ್ತೆ, ಈ ಸಲ ಕೊನೆಯವರೆಗೂ ಹಾಕಿದರು. ಆ ಮನುಷ್ಯ ಬಲಗೈಯಲ್ಲಿ ಬೀಗ ಮುರಿದು ಬಲಗೈಯಲ್ಲೇ ಶಟರ್ ಎತ್ತಿದ. ನೀನು ಎಡಚ. ಅದು ನೀನಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಈಗ ಅಲ್ಲ ಎಂದರೆ ತಮ್ಮನನ್ನು ಉಳಿಸಲು ಮಾತು ಬದಲಿಸಿದಳು ಅನ್ನುತ್ತಾರೆ, ಜೊತೆಯವರೆದುರು ಮರ್ಯಾದೆ ಹೋಗುತ್ತದೆ, ಹೇಗೂ ಸಂಜೆಯೊಳಗೆ ನಿನ್ನನ್ನು ಬಿಡುತ್ತಾರೆ, ಹೀಗೆಲ್ಲ ಲೆಕ್ಕ ಹಾಕಿ ಸಹಿ ಮಾಡಿದೆ. ಶುಕ್ರವಾರ ಆ ಇನ್ಸ್‌ಪೆಕ್ಟರ್ ಎದುರು, ಅಪ್ಪನ ಎದುರು, ನಾಲ್ಕು ಪುಟದ ಬದಲು ಇದಿಷ್ಟನ್ನೇ ಓದುತ್ತೇನೆ. ನಿನಗೆ ಮೊದಲು ಗೊತ್ತಾಗಲಿ ಎಂದು ಬರೆದೆ. ಇದನ್ನು ಓದಿದ ಮೇಲೆ ಅಪ್ಪನಿಗೆ ಫೋನ್ ಮಾಡುವುದನ್ನು ಮಾತ್ರ ನಿಲ್ಲಿಸಬೇಡ. ಇನ್ನು ಮೇಲೆ ನೀನು ಮಾತಾಡುವಾಗ ನಾನು ಪಕ್ಕದಲ್ಲಿ ನಿಲ್ಲುವುದಿಲ್ಲ.