ಪ್ರವಾಸಿಯಾಗಿ ಬಂದ ಮಗಳಿಗೆ

ಷೆಕಿ,
೨೭ ಸೆಪ್ಟೆಂಬರ್ ೨೦೧೮, ಗುರುವಾರ

ಮಗಳೇ ಜರ್ನಿಶಾನ್, ನಿನ್ನ ನೋವೆಲ್ಲ ನನಗಿರಲಿ,

ಕಾಗದ ಯಾರದೆಂದು ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಒಂಬತ್ತು ವರ್ಷದಲ್ಲಿ ನನ್ನ ಬೆನ್ನು ಬಾಗಿದೆ, ಅಕ್ಷರ ಬಾಗಿಲ್ಲ. ಹರಿದು ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಪೂರ್ತಿ ಓದಿ ಹಾಕು. ನಿನಗೆ ಹೇಳಲೇಬೇಕಾದ ಮಾತು ಒಂದಿದೆ. ಅದನ್ನು ಮೊದಲ ಸಾಲಿನಲ್ಲೇ ಬರೆಯುವ ಧೈರ್ಯ ನನಗಿಲ್ಲ.

ಕಳೆದ ಶನಿವಾರ ನೀನು ಖಾನನ ಅರಮನೆಗೆ ಬಂದೆ. ಹುಟ್ಟಿ ಬೆಳೆದ ಊರಿನಲ್ಲಿ ಟಿಕೆಟ್ ಕೊಂಡು, ತಂಪು ಕನ್ನಡಕ ಹಾಕಿಕೊಂಡು, ಗಡಿಯಾಚೆಯ ತಿಬಿಲಿಸಿಯಿಂದ ಬಂದ ಇಪ್ಪತ್ತು ಜನರ ಗುಂಪಿನಲ್ಲಿ ಇಪ್ಪತ್ತೊಂದನೆಯವಳಾಗಿ ಬಂದೆ. ನಾನು ಇನ್ನೂ ಮೇಲಿನ ಕೋಣೆಯಲ್ಲೇ ಕಾವಲಿಗಿದ್ದೇನೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಬಿಡು, ನಾನು ಇನ್ನೆಲ್ಲಿಗೆ ಹೋಗುತ್ತೇನೆ?

ಗುಂಪು ಮೇಲೆ ಬಂದಾಗ ನಾನು ಎಂದಿನಂತೆ ಎಲ್ಲರ ಪಾದ ನೋಡುತ್ತಿದ್ದೆ. ನೆಲ ಸವೆಯದಂತೆ ಬೂಟಿನ ಮೇಲೆ ಚೀಲ ಹಾಕಿಕೊಂಡಿದ್ದಾರೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸವಲ್ಲವೇ? ಬಲಗಾಲನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ನಿಲ್ಲುವ ಒಂದು ಜೊತೆ ಪಾದ ಕಂಡಿತು. ತಲೆ ಎತ್ತಬಾರದು ಎಂದುಕೊಂಡೆ, ಎತ್ತಿದೆ. ದಪ್ಪಗಾಗಿದ್ದೀಯ, ಒಳ್ಳೆಯದಾಯಿತು. ಕೂದಲು ಕತ್ತರಿಸಿದ್ದು ಒಳ್ಳೆಯದಾಗಲಿಲ್ಲ.

ನಿನ್ನ ಗಂಡ ಲೆವಾನ್ ಗೋಡೆಯ ಚಿತ್ರಗಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರವಾಗಿ ಎಡಗಡೆಯ ಕಿಟಕಿಯ ಹತ್ತಿರ ಹೋಗಿ ನಿಂತ. ಒಂಬತ್ತು ವರ್ಷದ ಹಿಂದೆ ದುರಸ್ತಿಗೆಂದು ಬಂದವನು ಕೂರಿಸಿದ ಬಣ್ಣದ ಗಾಜು ಅದೇ ಅಲ್ಲವೇ? ಮೊಳೆಯಿಲ್ಲದೆ, ಅಂಟಿಲ್ಲದೆ, ಮರದ ಚೂರನ್ನು ಚೂರಿಗೆ ಸಿಕ್ಕಿಸಿ ಮಾಡಿದ್ದು. ಒಂದು ಹರಳೂ ಸಡಿಲವಾಗಿಲ್ಲ. ಅವನು ಕೆಲಸಗಾರ ಎಂದು ಆಗಲೂ ನನಗೆ ಗೊತ್ತಿತ್ತು. ಬೇರೆ ಮತದವನು ಎಂಬ ಒಂದೇ ಮಾತು ನನ್ನ ಕಣ್ಣಿಗೆ ಅಡ್ಡ ನಿಂತಿತ್ತು.

ನಿಮ್ಮ ಮಗು ನೆಲದ ಮೇಲೆ ಬಿದ್ದ ಕೆಂಪು ಬೆಳಕನ್ನು ಎರಡೂ ಕೈಯಲ್ಲಿ ಬಾಚಿ ಜೇಬಿಗೆ ತುಂಬಿಕೊಳ್ಳುತ್ತಿತ್ತು. ನೀನೂ ಅದೇ ಆಟ ಆಡುತ್ತಿದ್ದೆ, ಆದರೆ ನಿನಗೆ ನೀಲಿ ಬೇಕಾಗುತ್ತಿತ್ತು. ಅದು ಗಾಜು ಮುಟ್ಟಲು ಹೋದಾಗ ನೀನು ಕೂಗಿದೆ: “ಸೆನೂಬರ್, ಈ ಕಡೆ ಬಾ.”

ಮಗುವೂ ತಿರುಗಿತು, ನಾನೂ ತಿರುಗಿದೆ. ‘ಹಾಂ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಮ್ಮ ಕೇರಿಯಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಅಜ್ಜಿ ಮಣ್ಣು ಸೇರಿದ ಮೇಲೆ. ಅದು ನಿನಗೂ ಗೊತ್ತು. ಹಾಗಾದರೆ ನಿನ್ನ ಲೆಕ್ಕದಲ್ಲಿ ನಾನು ಸತ್ತಿದ್ದೇನೆ ಎಂದುಕೊಂಡೆ. ಆಮೇಲೆ ಯೋಚಿಸಿದೆ, ನಾನೇ ಕೇರಿಗೆಲ್ಲ ‘ನನಗೆ ಮಗಳಿಲ್ಲ’ ಎಂದು ಹೇಳಿಕೊಂಡು ತಿರುಗಿದವಳು. ನೀನು ಸತ್ತವಳ ಹೆಸರನ್ನಾದರೂ ಮನೆಯಲ್ಲಿ ಉಳಿಸಿಕೊಂಡೆ.

ಆಮೇಲೆ ನೀನು ಫೋನ್ ಎತ್ತಿದೆ. ಮಗುವನ್ನು ನನ್ನ ಮುಂದೆ ನಿಲ್ಲಿಸಿದೆ. ನಿನಗೆ ಬೇಕಾಗಿದ್ದದ್ದು ಖಾನನ ಯುದ್ಧದ ಚಿತ್ರವಲ್ಲ ಎಂದು ನನಗೆ ಅರ್ಥವಾಯಿತು. ನಾನು ಏನು ಮಾಡಿದೆ? ಕೈ ಎತ್ತಿ, ಫೋಟೊ ತೆಗೆಯಬಾರದು ಎಂದು ಬರೆದ ಬೋರ್ಡನ್ನು ತೋರಿಸಿದೆ. ಬಾಯಿ ಬಿಡಲಿಲ್ಲ. ನೀನು ಫೋನ್ ಇಳಿಸಿ, ಅಪರಿಚಿತರಿಗೆ ಹೇಳುವಂತೆ ‘ಕ್ಷಮಿಸಿ’ ಎಂದೆ. ಬಹುವಚನದಲ್ಲಿ ಹೇಳಿದೆ. ಹೆತ್ತ ಮಗಳ ಬಾಯಲ್ಲಿ ಬಹುವಚನ ಕೇಳಿಸಿಕೊಳ್ಳುವುದಕ್ಕಿಂತ ಬೈಗುಳ ಕೇಳುವುದು ಸುಲಭ.

ಯಾಕೆ ಮಾತಾಡಲಿಲ್ಲ ಎಂದು ನೀನು ದಾರಿಯುದ್ದಕ್ಕೂ ಕೇಳಿಕೊಂಡಿರಬೇಕು. ಹೇಳುತ್ತೇನೆ. ರೇಷ್ಮೆ ಕಾರ್ಖಾನೆಯ ಮೇಸ್ತ್ರಿಯ ಮಗನಿಗೆ ನಿನ್ನನ್ನು ಒಪ್ಪಿಸಿ, ಗಂಡಿನ ಕಡೆಯವರ ಚಹಾಕ್ಕೆ ಸಕ್ಕರೆ ಕಲಸಿ ಕೊಟ್ಟಾಗಿತ್ತು. ಸಿಹಿ ಚಹಾ ಕುಡಿದ ಮೇಲೆ ಮಾತು ತಿರುಗುವುದಿಲ್ಲ ಎಂದು ನಿನಗೆ ಬೇರೆ ಹೇಳಬೇಕೇ? ಏಳನೆಯ ದಿನ ನೀನು ಬೆಳಗಿನ ಬಸ್ಸಿನಲ್ಲಿ ಲೆವಾನನ ಜೊತೆ ಗಡಿ ದಾಟಿದೆ. ಮಧ್ಯಾಹ್ನ ಗಂಡಿನ ತಾಯಿ ಉಂಗುರ ವಾಪಸು ಇಸಿದುಕೊಳ್ಳಲು ಬಂದು, ಬಾಗಿಲಲ್ಲೇ ನಿಂತು, ಕೇರಿಗೆಲ್ಲ ಕೇಳುವಂತೆ ಅಂದಳು: “ಸೆನೂಬರ್, ಆವತ್ತು ಚಹಾಕ್ಕೆ ಹಾಕಿದ್ದು ಸಕ್ಕರೇನೋ ಉಪ್ಪೋ? ನಮಗ್ಯಾಕೋ ಇವತ್ತು ಉಪ್ಪುಪ್ಪು ಅನಿಸ್ತಿದೆ.” ಆಗ ನಿನ್ನಪ್ಪ ಒಳಗಿನಿಂದ ರೊಟ್ಟಿ ತಂದು ನನ್ನ ಕೈಯನ್ನು ಅದರ ಮೇಲೆ ಇಡಿಸಿದರು. ಆ ಹುಡುಗಿಯ ಜೊತೆ ಸಾಯುವತನಕ ಮಾತಾಡುವುದಿಲ್ಲ ಎಂದು ನಾನು ಆಣೆ ಇಟ್ಟೆ. ರೊಟ್ಟಿಯ ಮೇಲಿನ ಆಣೆ ಮುರಿದವರ ಮನೆಯಲ್ಲಿ ಹಿಟ್ಟು ಹುಳಿಬಂದು ಉಬ್ಬುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ಅದು ನನ್ನ ಮೂಳೆಯಲ್ಲಿ ಕೂತುಬಿಟ್ಟಿದೆ. ನೆಲಕ್ಕೆ ಬಿದ್ದ ಚೂರನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಅನ್ನದ ಜೊತೆ ಆಟವಾಡುವುದಕ್ಕೆ ನನ್ನಿಂದಾಗುವುದಿಲ್ಲ.

ಮಾತಾಡುವುದಿಲ್ಲ ಎಂದು ಆಣೆ ಇಟ್ಟಿದ್ದೆ, ಬರೆಯುವುದಿಲ್ಲ ಎಂದು ಇಟ್ಟಿರಲಿಲ್ಲ. ಷೆಕಿಯವರು ಆಣೆಗೂ ಗೋಡೆಗೂ ನಡುವೆ ಒಂದು ಬೆರಳು ಜಾಗ ಹುಡುಕುವವರು ಎಂದು ಸುತ್ತಲ ಊರಿನವರು ನಗುತ್ತಾರಲ್ಲ, ಹಾಗೆ. ಆದರೆ ವಿಳಾಸವಿರಲಿಲ್ಲ. ಶನಿವಾರ ಸಂಜೆ ಬೀಗ ಹಾಕುವ ಮುಂಚೆ ಸಂದರ್ಶಕರ ಪುಸ್ತಕ ತೆರೆದೆ. ಎಲ್ಲರೂ ಊರಿನ ಹೆಸರು ಬರೆದು, ‘ತುಂಬಾ ಚೆಂದ’ ಎಂದು ಬರೆದು ಹೋಗುತ್ತಾರೆ. ನೀನು ಬೀದಿ, ಮನೆ ನಂಬರು, ಮೂರನೆಯ ಮಹಡಿ, ಎಲ್ಲ ಬರೆದಿದ್ದೆ. ಅಭಿಪ್ರಾಯದ ಜಾಗದಲ್ಲಿ, ‘ಮೇಲಿನ ಕೋಣೆಯ ಅಮ್ಮ ನನ್ನ ಮಗಳಿಗೆ ಗದರಲಿಲ್ಲ’ ಎಂದಿತ್ತು. ಇಪ್ಪತ್ತೇಳು ವರ್ಷದ ಕಾವಲಿನಲ್ಲಿ ಅರಮನೆಯ ಒಂದು ಗಾಜಿನ ಚೂರೂ ಮನೆಗೆ ತಂದವಳಲ್ಲ ನಾನು. ಆ ಹಾಳೆಯನ್ನು ಹರಿದುಕೊಂಡು ಬಂದೆ.

ಕೆಳಗೆ ಟಿಕೆಟ್ ಹರಿಯುವ ತುಕೆಜ್ಬಾನ್ ನೋಡಿಬಿಟ್ಟಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ. ನಿನ್ನನ್ನು ಬಾಗಿಲಲ್ಲೇ ಗುರುತಿಸಿದ್ದಳಂತೆ. ನಾನು ಓಡಿ ಬಂದು ತಬ್ಬಿಕೊಳ್ಳುತ್ತೇನೆ ಎಂದು ಕಿವಿಯಿಟ್ಟು ಕಾದಿದ್ದಳಂತೆ. ಆಣೆಯ ಮಾತು ಹೇಳಿದೆ.

“ಆಣೆ ಮುರಿಬೇಕಂದ್ರೆ ಹತ್ತು ಜನ ಬಡವರಿಗೆ ಊಟ ಹಾಕು ಅಂತ ಮುಲ್ಲಾ ಪ್ರತಿ ವರ್ಷ ಹೇಳ್ತಾನಲ್ಲೇ,” ಅಂದಳು. “ಒಂಬತ್ತು ವರ್ಷದಲ್ಲಿ ಈ ಊರಲ್ಲಿ ಹಸಿದವರು ಹತ್ತು ಜನ ಸಿಗಲಿಲ್ವಾ ನಿಂಗೆ?”

ಮುಲ್ಲಾ ಹೇಳುವಾಗ ನಾನೂ ಕೂತು ಕೇಳಿದ್ದೆ. ಅದು ಬೇರೆಯವರ ಆಣೆಗೆ, ನನ್ನದಕ್ಕಲ್ಲ ಎಂದುಕೊಂಡಿದ್ದೆ. ಮಂಗಳವಾರ ಕುರಿಮಾಂಸ, ಕಡಲೆ, ಚೆಸ್ಟ್‌ನಟ್ ಹಾಕಿ ಹತ್ತು ಮಡಕೆ ಪಿತಿ ಬೇಯಿಸಿದೆ. ಹತ್ತು ಜನರನ್ನು ಕರೆದು ಉಣ್ಣಿಸಿದೆ. ಅಷ್ಟೇ. ಒಂದು ಮಧ್ಯಾಹ್ನದ ಕೆಲಸ, ಜರ್ನಿಶಾನ್. ಪಾತ್ರೆ ತೊಳೆಯುತ್ತಾ ನಾನು ಅತ್ತದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ಈಗ ಆ ಇನ್ನೊಂದು ಮಾತು.

ಅರಮನೆಯಿಂದ ನೀನು ಪೇಟೆಗೆ ಹೋಗಿ ನಿನ್ನಪ್ಪನ ಹಲ್ವದ ಅಂಗಡಿ ಹುಡುಕಿದೆ. ಅಲ್ಲಿ ಈಗ ಫೋನ್ ಮಾರುತ್ತಾರೆ. ಎದುರಿನ ತಾಮ್ರದ ಪಾತ್ರೆಯ ಅಬ್ದುಲ್ಗನಿ ಮಾವನನ್ನು, ಹಲ್ವದ ಇಸ್ಫಂದಿಯಾರ್ ಎಲ್ಲಿ ಎಂದು ಕೇಳಿದೆ. ಅವನು, “ಕೆಲಸ ಬಿಟ್ಟ ಕಣಮ್ಮ, ಈಗ ಆರಾಮವಾಗಿದ್ದಾನೆ,” ಅಂದ. ನೀನು ಬೇರೆ ಅಂಗಡಿಯಿಂದ ಒಂದು ಪೆಟ್ಟಿಗೆ ಹಲ್ವ ತಂದು ಅವನ ಕೈಗಿತ್ತು, ಯಾರೋ ಪ್ರವಾಸಿ ಕೊಟ್ಟಳು ಎಂದು ತಲುಪಿಸಿ ಎಂದು ಹೇಳಿ ಹೋದೆ.

ಅಬ್ದುಲ್ಗನಿ ಮಾವನ ಮೇಲೆ ಸಿಟ್ಟಾಗಬೇಡ. ಅವನೂ ನಿನ್ನನ್ನು ಗುರುತಿಸಿದ್ದ. ದಾರಿಯಲ್ಲಿರುವವರಿಗೆ ಅಂಥ ಸುದ್ದಿ ಹೇಳಬಾರದು, ಮನೆ ಸೇರಿದ ಮೇಲೆ ಕೂರಿಸಿ ಹೇಳಬೇಕು ಎನ್ನುವ ಕಾಲದವನು ಅವನು. ನೀನೀಗ ನಿನ್ನ ಮನೆಯಲ್ಲಿದ್ದೀಯ. ಕೂತುಕೋ. ಒಂದು ಲೋಟ ನೀರು ಹತ್ತಿರ ಇಟ್ಟುಕೋ. ಲೆವಾನ್ ಇದ್ದರೆ ಕರೆ.

ನಿನ್ನಪ್ಪ ಹೋದ ವರ್ಷ, ನವ್ರೂಜ್ ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ತೀರಿಕೊಂಡರು. ಹಬ್ಬದ ಹಲ್ವಕ್ಕೆ ಅಕ್ಕಿಹಿಟ್ಟಿನ ಎಳೆ ಬಿಡುತ್ತಿದ್ದರು. ಕಾವಲಿಯ ಮೇಲೆ ಕೈ ಸುತ್ತುತ್ತಾ ಸುತ್ತುತ್ತಾ ನಿಂತಿತು. ನೋವು ಪಡಲಿಲ್ಲ ಎಂದು ವೈದ್ಯರು ಹೇಳಿದರು, ನಾನು ನಂಬಿದ್ದೇನೆ, ನೀನೂ ನಂಬು. ಕೊಳದ ಮೇಲಿನ ಗುಡ್ಡದಲ್ಲಿ, ನಿನ್ನ ಅಜ್ಜನ ಪಕ್ಕದಲ್ಲಿ ಮಲಗಿಸಿದ್ದೇವೆ. ನಲವತ್ತನೆಯ ದಿನದ ಕಾರ್ಯಕ್ಕೆ ಬಂದವರು ಯಾರೂ ಮಗಳೆಲ್ಲಿ ಎಂದು ಕೇಳಲಿಲ್ಲ, ಆದರೆ ಎಲ್ಲರೂ ಬಾಗಿಲ ಕಡೆ ಒಮ್ಮೆ ನೋಡಿದರು.

ನಿನ್ನ ಹಲ್ವದ ಪೆಟ್ಟಿಗೆಯನ್ನು ಭಾನುವಾರ ಅಬ್ದುಲ್ಗನಿ ಮನೆಗೆ ತಂದುಕೊಟ್ಟು ಎಲ್ಲ ಹೇಳಿದ. ಮುಚ್ಚಳ ತೆಗೆದು ಅಂಗಡಿಯ ಹೆಸರು ನೋಡಿ ಮೊದಲು ನಗು ಬಂತು. ಆ ಅಂಗಡಿಯ ಪಾಕವನ್ನು ನಿನ್ನಪ್ಪ ಪಾತ್ರೆ ತೊಳೆದ ನೀರು ಎನ್ನುತ್ತಿದ್ದರಲ್ಲ. ಆಮೇಲೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸತ್ತವರ ಹೆಸರಿನಲ್ಲಿ ಗುರುವಾರ ಹಂಚುವುದು ಮನೆಯಲ್ಲಿ ಹುರಿದ ಹಿಟ್ಟಿನ ಹಲ್ವ, ಪೇಟೆಯದಲ್ಲ. ಆದರೂ ಇವತ್ತು ಬೆಳಿಗ್ಗೆ ಗುಡ್ಡಕ್ಕೆ ಹೋಗಿ ನಿನ್ನದನ್ನೇ ತುಂಡು ಮಾಡಿ ಹಂಚಿದೆ. ಯಾರು ಕಳಿಸಿದ್ದು ಎಂದು ಕೇಳಿದರು. ಅವರ ಮಗಳು ಜರ್ನಿಶಾನ್ ಕಳಿಸಿದ್ದು ಎಂದೆ. ಒಂಬತ್ತು ವರ್ಷದ ಮೇಲೆ ನಿನ್ನ ಹೆಸರನ್ನು ಜೋರಾಗಿ ಹೇಳಿದ್ದು ಅದೇ ಮೊದಲು. ಹಾಗಾಗಿ ತಂದೆಗೆ ಏನೂ ಮಾಡಲಿಲ್ಲ ಎಂದು ನೀನು ಎದೆ ಬಡಿದುಕೊಳ್ಳಬೇಡ. ನಿನಗೆ ತಿಳಿಯದೆ ನೀನು ಮಾಡಬೇಕಾದ್ದನ್ನು ಮಾಡಿ ಹೋಗಿದ್ದೀಯ.

ಮಗುವಿಗೆ ನಮ್ಮ ಮಾತು ಕಲಿಸಿದ್ದೀಯಾ? ಕಿಟಕಿಯ ಹತ್ತಿರ ನನ್ನನ್ನು ಅದೇನೋ ಕೇಳಿತು, ನನಗೆ ತಿಳಿಯಲಿಲ್ಲ. ಏನು ಕೇಳಿತೆಂದು ಅದಕ್ಕೆ ನೆನಪಿದ್ದರೆ ಬರೆದು ತಿಳಿಸು. ಲೆವಾನನಿಗೆ ನನ್ನ ಸಲಾಂ ಹೇಳು. ಕಿಟಕಿ ಭದ್ರವಾಗಿದೆ ಎಂದು ಹೇಳು.

ನಿನ್ನನ್ನು ಹೆತ್ತವಳು,
ಸೆನೂಬರ್

ಮರೆತ ಮಾತು: ಮರೆತದ್ದಲ್ಲ, ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ನಿನ್ನಪ್ಪ ರೊಟ್ಟಿ ತಂದು ನನ್ನ ಕೈ ಇಡಿಸಿದರು ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಸತ್ತವರ ಮೇಲೆ ಹಾಕಿದರೆ ಅವರು ಎದ್ದು ಬಂದು ಅಲ್ಲವೆನ್ನುವುದಿಲ್ಲವಲ್ಲ. ಒಳಗೆ ಓಡಿ ರೊಟ್ಟಿ ತಂದವಳು ನಾನು. ಅವರು ನನ್ನ ಮಣಿಕಟ್ಟು ಹಿಡಿದು ಎಳೆದರು, “ಬೇಡ ಸೆನೂಬರ್, ಮಗು ಕಣೇ ಅದು,” ಅಂದರು. ಗಂಡಿನ ತಾಯಿ ನೋಡುತ್ತಿದ್ದಳು, ಅದಕ್ಕೇ ಕೈ ಬಿಡಿಸಿಕೊಂಡು ಆಣೆ ಇಟ್ಟೆ. ಮೂರು ವರ್ಷದ ಹಿಂದೆ ಅವರು ನಿನ್ನನ್ನು ನೋಡಿ ಬರುತ್ತೇನೆಂದು, ವಿಳಾಸವಿಲ್ಲದಿದ್ದರೂ ಬೀದಿ ಬೀದಿ ಕೇಳುತ್ತೇನೆಂದು ಪಾಸ್‌ಪೋರ್ಟ್ ಮಾಡಿಸಿದರು. ಅದನ್ನು ನಾನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ಎರಡು ದಿನ ಮನೆಯೆಲ್ಲ ಹುಡುಕಿದರು. ಮೂರನೆಯ ದಿನ ನನ್ನ ಮುಖ ನೋಡಿ, ಹುಡುಕುವುದನ್ನು ಬಿಟ್ಟರು. ಸಾಯುವತನಕ ಒಂದು ಮಾತು ಕೇಳಲಿಲ್ಲ.

ನಿನ್ನೆ ನಾನು ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದೆ. ಇದನ್ನು ಓದಿದ ಮೇಲೂ ಬಾ ಎಂದರೆ ಬರುತ್ತೇನೆ. ಬೇಡ ಎನ್ನುವ ಹಕ್ಕು ನಿನಗಿದೆ. ಬೇಡವೆನ್ನುವುದಕ್ಕಾದರೂ ಒಂದು ಸಾಲು ಬರೆ, ಏಕವಚನದಲ್ಲಿ ಬರೆ.