ಲಲಿತಮ್ಮನ ಫೋನಿಗೆ ಬರುವ ರಿಯಾಯಿತಿ

ವ್ಯಾಪಾರದ ಪೈಪೋಟಿಯನ್ನು ಕಾಯುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಮನೆಗೆ ಔಷಧಿ ತಲುಪಿಸುವ ಎರಡು ಕಂಪನಿಗಳು ಒಂದೇ ಔಷಧಿಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳುತ್ತಿವೆ, ಅತಿ ಕಡಿಮೆ ಬೆಲೆಯನ್ನು ಸತ್ತವರಿಗೆ ಕೊಡುತ್ತಿವೆ ಎಂದು ನಾನು ದೂರು ಬರೆದಿದ್ದೆ. ಮುದ್ರಿತ ಬೆಲೆಗಿಂತ ಒಂದು ಪೈಸೆಯೂ ಹೆಚ್ಚು ಪಡೆದಿಲ್ಲ, ರಿಯಾಯಿತಿ ಕಂಪನಿಯ ಇಚ್ಛೆ, ಪೈಪೋಟಿ ಆರೋಗ್ಯಕರವಾಗಿದೆ ಎಂದು ತಮ್ಮ ಕಚೇರಿ ಉತ್ತರಿಸಿದೆ. ಪೈಪೋಟಿಯಾದರೂ ಆರೋಗ್ಯವಾಗಿದೆಯಲ್ಲ, ಸಂತೋಷ.

ನಾನು ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡುವವನು. ಎರಡು ಬೆಲೆ ಹೇಳುವುದು ನನಗೇನೂ ಹೊಸದಲ್ಲ. ಹೊಸ ಮುಖಕ್ಕೆ ಒಂದು ಕೂಲಿ, ಅಜ್ಜಿಯ ಕಾಲದಿಂದ ಬರುತ್ತಿರುವ ಮನೆಯವರಿಗೆ ಅದಕ್ಕಿಂತ ಕಡಿಮೆ. ತಾಳಿ ಮಾಡಿಸಿಕೊಂಡವರು ಮಗುವಿನ ಕಿವಿ ಚುಚ್ಚಿಸಲು ಬಂದರೆ ಕೂಲಿ ಕೇಳಲು ಬಾಯೇ ಬರುವುದಿಲ್ಲ. ನನ್ನ ಹೆಂಡತಿ ಲಲಿತಮ್ಮ ಕಂಪನಿಯೂ ಹೀಗೇ ಇರುತ್ತದೆ ಎಂದುಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ಅವಳಿಗೆ ಉಬ್ಬಸ. ಬೆಳಿಗ್ಗೆ ಸಂಜೆ ಎರಡೆರಡು ಸಲ ಎಳೆದುಕೊಳ್ಳಬೇಕಾದ ಇನ್‌ಹೇಲರ್ ನಮ್ಮೂರ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಮೂರು ವರ್ಷ ಒಂದೇ ಕಂಪನಿಯಿಂದ ತರಿಸಿದೆವು. ಬರಬರುತ್ತಾ ರಿಯಾಯಿತಿ ಕರಗಿ ಬೆಲೆ ಸಾವಿರದ ನೂರ ನಲವತ್ತಕ್ಕೆ ನಿಂತಿತು. ಪಕ್ಕದ ಮನೆಯ ಟೀಚರ್ ಅಪರ್ಣ ತನ್ನ ತಾಯಿಯ ಔಷಧಿಯನ್ನು ಎದುರಾಳಿ ಕಂಪನಿಯಿಂದ ತರಿಸುವವಳು. ಒಂದು ದಿನ ಅವಳ ಫೋನಿನಲ್ಲಿ ನಮ್ಮ ಕಂಪನಿಯ ಆ್ಯಪ್ ತೆರೆದು ನೋಡಿದರೆ, ಅದೇ ಇನ್‌ಹೇಲರ್ ಆರುನೂರ ತೊಂಬತ್ತು! ಎದುರಾಳಿಯ ಗಿರಾಕಿಯನ್ನು ಸೆಳೆಯಲು ಅಗ್ಗ, ಕೈಬಿಡದೆ ಬರುವವರಿಗೆ ತುಟ್ಟಿ. ಎದುರಾಳಿಯೂ ಮಾಡುತ್ತಿದ್ದುದು ಇದನ್ನೇ.

"ಆಂಟಿ, ನೀವು ಆ ಕಂಪನಿಗೆ ಹೋಗಿ, ನಾನು ಇದಕ್ಕೆ ಬರ್ತೀನಿ. ಇಬ್ಬರಿಗೂ ಕಮ್ಮಿಯಾಗತ್ತೆ" ಎಂದಳು ಅಪರ್ಣ.

"ಮೂರು ವರ್ಸದಿಂದ ಬಾಗ್ಲಿಗೆ ತಂದ್ಕೊಡ್ತಾವ್ರೆ ಕಣವ್ವ. ಅಂಗೆ ಬುಟ್ಬುಡಕಾಯ್ತದಾ? ಹಳೇ ಗಿರಾಕಿ ಅಂತ ಅವ್ರೇ ಕಮ್ಮಿ ಮಾಡ್ತಾರೆ ಬುಡು" ಎಂದಳು ಲಲಿತಮ್ಮ. ನಾನೂ ಹೌದೆಂದು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಉಸಿರು ಸಿಕ್ಕದೆ ಹೋದಳು. ಇನ್‌ಹೇಲರಿನ ಮೇಲೆ ಇನ್ನೆಷ್ಟು ಸಲಕ್ಕಿದೆ ಎಂದು ತೋರಿಸುವ ಅಂಕಿಯಿರುತ್ತದೆ. ಹೊಸದರಲ್ಲಿ ಅದು ನೂರ ಇಪ್ಪತ್ತು. ತಂದು ತಿಂಗಳಾಗುತ್ತಾ ಬಂದಿದ್ದರಿಂದ ಹತ್ತರ ಸುತ್ತ ಇರಬೇಕಿದ್ದ ಅಂಕಿ ಅರವತ್ತೆರಡರಲ್ಲಿತ್ತು. ಬೆಲೆಗೆ ಹೆದರಿ, ನನಗೆ ಹೇಳದೆ, ಅರ್ಧ ಔಷಧಿಯನ್ನಷ್ಟೇ ತೆಗೆದುಕೊಂಡಿದ್ದಳು.

ಹನ್ನೊಂದನೆಯ ದಿನ ಅವಳ ಫೋನು ಸದ್ದು ಮಾಡಿತು. "ಲಲಿತಮ್ಮ ಅವರೇ, ನೀವಿಲ್ಲದೆ ನಮಗೆ ಬೇಸರ. ನಿಮಗೆ ಮಾತ್ರ ಏಳುನೂರು ರೂಪಾಯಿ." ಗಿರಾಕಿ ಬರಲಿಲ್ಲವೆಂದರೆ ಎದುರಾಳಿಯ ಕಡೆ ಹೋಗಿರಬೇಕು ಎಂಬುದು ಅವರ ಲೆಕ್ಕ. ಇವಳು ಹೋದ ಕಡೆ ಯಾರ ಅಂಗಡಿಯಿದೆ, ಸ್ವಾಮಿ? ಏಪ್ರಿಲ್‌ನಲ್ಲಿ ಐನೂರ ಎಂಬತ್ತಕ್ಕೆ ಇಳಿಯಿತು. ನಂಬರು ಎಲ್ಲಿ ಸಿಕ್ಕಿತೋ, ಎದುರಾಳಿಯೂ ಅವಳನ್ನು ಕರೆಯತೊಡಗಿತು. ಫೋನು ಅಡುಗೆಮನೆಯ ಕಿಟಕಿಯಲ್ಲಿ, ಅವಳು ಇಡುತ್ತಿದ್ದ ಜಾಗದಲ್ಲೇ ಇದೆ. ಸದ್ದಾದರೆ ನಾನು ಈಗಲೂ "ಲಲಿತಾ, ನೋಡು" ಎಂದುಬಿಡುತ್ತೇನೆ. ಈ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ನಾನು ಮತ್ತು ಆ ಕಂಪನಿಗಳು ಮಾತ್ರ. ಅವರೂ ಕರೆಯುವುದನ್ನು ನಿಲ್ಲಿಸಿಯಾರು ಎಂದು ನನಗೆ ಭಯವಾಗುತ್ತದೆ.

ನನ್ನ ಬೇಡಿಕೆ ಒಂದೇ. ಔಷಧಿಗೆ ಒಂದು ಕಂಪನಿಯಲ್ಲಿ ಒಂದು ದಿನಕ್ಕೆ ಒಂದೇ ಬೆಲೆಯಿರಲಿ, ಅದು ಎಲ್ಲರ ಫೋನಿನಲ್ಲೂ ಕಾಣಲಿ. ಹಾಗಾದರೆ ಯಾರಿಗೂ ರಿಯಾಯಿತಿ ಸಿಗದು ಎಂದು ತಮ್ಮ ಪಂಡಿತರು ಹೇಳಬಹುದು. ಇಂದು ಬೆಳಿಗ್ಗೆ ಅವಳಿಗೆ ಬಂದ ಬೆಲೆ ನಾನೂರ ಹತ್ತು. ಅವಳು ಬದುಕಿದ್ದಾಗ ಇದೇ ಬೆಲೆ ಹೇಳಿದ್ದರೆ ಎರಡು ಹೊತ್ತೂ ಎಳೆದುಕೊಳ್ಳುತ್ತಿದ್ದಳು.

ಇಂತಿ,
ಹೆಂಡತಿಯ ನಂಬರಿಗೆ ಇನ್ನೂ ರೀಚಾರ್ಜ್ ಮಾಡಿಸುತ್ತಿರುವ ಹಳೇ ಗಿರಾಕಿ,
ವೆಂಕಟೇಶಾಚಾರಿ
ಪಾಂಡವಪುರ