ಲಾಂದ್ರದವರ ಮಗಳು

ಅಪ್ಪಾ, ನನ್ನ ಮದುವೆ ಆಯಿತು! ನಿನ್ನೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಗು ತಡೆಯಲಾರದೆ ಸಹಿ ಹಾಕಿದೆ. ನಮ್ಮನ್ನು ಬಿಟ್ಟುಹೋದ ಮೇಲೆ ನೀನೆಲ್ಲಿದ್ದೀಯೋ ಯಾರಿಗೂ ಗೊತ್ತಿಲ್ಲ, ಆದರೂ ಮೊದಲು ನಿನಗೇ ಹೇಳಬೇಕೆನಿಸಿತು.

"ಲಾಂದ್ರದ? ಇಂಥ ಅಡ್ಡಹೆಸರು ಕೇಳೇ ಇಲ್ವಲ್ಲಮ್ಮ," ಎಂದರು ಗುಮಾಸ್ತರು. ಸ್ಕೂಲಿನಲ್ಲಿ ಎಲ್ಲರೂ 'ಲ್ಯಾಂಟರ್ನ್' ಎಂದು ರೇಗಿಸಿದಾಗ ನೀನು ಹೇಳಿಕೊಟ್ಟದ್ದನ್ನೇ ಹೆಮ್ಮೆಯಿಂದ ಒಪ್ಪಿಸಿದೆ: ನಮ್ಮ ಹಿರಿಯರು ಲಾಂದ್ರ ಹಿಡಿದು ಪ್ರಯಾಣಿಕರನ್ನು ಕಾಡು ದಾಟಿಸುತ್ತಿದ್ದರು.

ಸಾಕ್ಷಿಗೆ ಬಂದಿದ್ದ ಸೋದರತ್ತೆ, ನಿನ್ನ ಅಕ್ಕ, ಕಿಸಕ್ಕನೆ ನಕ್ಕರು. "ದಾಟಿಸಿದ್ರಾ? ನಡುಕಾಡಲ್ಲಿ ಜನರನ್ನ ಕತ್ತಲಲ್ಲಿ ಬಿಟ್ಟು, ಲಾಂದ್ರ ಎತ್ಕೊಂಡು ಪರಾರಿಯಾದ್ರು ಕಣೇ! ಊರೋರು ಆಡ್ಕೊಂಡು ಇಟ್ಟ ಹೆಸರದು. ನಿಮ್ಮಪ್ಪಂಗೂ ಗೊತ್ತಿತ್ತು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಮ್ಮ ಮಾತ್ರ ನನ್ನ ಹಾರದ ಗಂಟು ಸರಿಮಾಡುತ್ತಲೇ ಇದ್ದಳು.

"ಹಾಗಾದ್ರೆ ಗಂಡನ ಮನೆ ಹೆಸರೇ ಹಾಕ್ಲಾ?" ಗುಮಾಸ್ತರು ಕೇಳಿದರು.

"ಬೇಡ ಸಾರ್, ಇದೇ ಇರಲಿ. ನಮ್ಮಮ್ಮನದೂ ಇದೇ."

ಅಮ್ಮ ಮನೆ ಸಜ್ಜು ಮಾಡಲು ಮೊದಲೇ ಊರಿಗೆ ಹೋಗಿದ್ದಾಳೆ. ನಾವಿಬ್ಬರೂ ಶನಿವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇವೆ. ಸ್ಟೇಷನ್ನಿಗೆ ಅಮ್ಮ ಬರುತ್ತಾಳೆ.